ವಿರಳ ಹೆಸರಿನ ಒಗಟು

ನಮ್ಮಲ್ಲಿ ಎಷ್ಟೋ ಮನೆಗಳ ಹೊಸ್ತಿಲಾಚೆ ಝೆಕ್ ನಾಡಿನ ಕುಲನಾಮವೊಂದು ದಿನವೂ ಕಾದಿರುತ್ತದೆ. ಮಕ್ಕಳು ಶಾಲೆಗೆ ಹೊರಡುವಾಗ ಅದನ್ನು ಮೆಟ್ಟಿಕೊಂಡು ನಡೆಯುತ್ತಾರೆ. 'ಬಾಟಾ' ಎಂಬುದು ನಮ್ಮ ದೇಶದ ಹೆಸರೇ ಎಂದು ನಂಬಿದವರು ಅನೇಕರುಂಟು. ವಾಸ್ತವವಾಗಿ ಅದು ಮೊರೇವಿಯಾ ಪ್ರಾಂತದ ಒಂದು ಮನೆತನದ ಹೆಸರು. ಆ ಪ್ರಾಂತದ ಝ್ಲೀನ್ ಪಟ್ಟಣದಲ್ಲಿ ೧೮೯೪ರಲ್ಲಿ ತೊಮಾಷ್, ಆಂತೊನಿನ್, ಆನಾ ಎಂಬ ಒಡಹುಟ್ಟಿದವರು ಪಾದರಕ್ಷೆಯ ಉದ್ಯಮವನ್ನು ಆರಂಭಿಸಿದರು. ೧೯೩೦ರ ದಶಕದಲ್ಲಿ ಕಲ್ಕತ್ತೆಯ ಬಳಿ ಅವರ ಹೆಸರಿನ ಒಂದು ನಗರವೇ ಎದ್ದಿತು. ಝೆಕ್ ಬರಹದಲ್ಲಿ ಆ ಹೆಸರಿನ ತಕಾರಕ್ಕೆ ಒಂದು ಸಣ್ಣ ಗುರುತುಂಟು. ಅದರಿಂದ ಉಚ್ಚಾರವು 'ಬಾತ್ಯಾ' ಎಂಬುದಕ್ಕೆ ಸಮೀಪವಾಗುತ್ತದೆ. ಹೆಸರು ಕಡಲು ದಾಟುವಾಗ ಆ ಗುರುತು ಕಳಚಿಬಿದ್ದಿತು.

ಲೋಕಪ್ರಸಿದ್ಧವಾದ ಈ ಹೆಸರು ತನ್ನ ತವರಿನಲ್ಲಿ ಅಷ್ಟು ಸಾಮಾನ್ಯವಾದುದಲ್ಲ. ಅಲ್ಲಿ ಅತ್ಯಂತ ಸಾಮಾನ್ಯವಾದುದು 'ನೊವಾಕ್'. ಅದರ ಸ್ತ್ರೀರೂಪವನ್ನೂ ಸೇರಿಸಿಕೊಂಡರೆ ಅರುವತ್ತು ಸಾವಿರಕ್ಕೂ ಮೀರಿದ ಜನರಿಗೆ ಆ ಹೆಸರುಂಟು. ಒಂದು ಕೋಟಿಗೆ ತುಸು ಮಿಕ್ಕಿದ ಜನಸಂಖ್ಯೆಯ ನಾಡಿನಲ್ಲಿ ಇದು ಅಲ್ಪವಲ್ಲ. ಇನ್ನೊಂದು ಕಡೆ, ಬೆರಳೆಣಿಕೆಯ ಜನರಷ್ಟೇ ಹೊತ್ತಿರುವ ಹೆಸರುಗಳೂ ಅದೇ ನಾಡಿನಲ್ಲಿವೆ. ಹೀಗೇಕೆ? ವಿರಳವಾದ ಹೆಸರು ಹುಟ್ಟಿನಿಂದಲೇ ವಿರಳವೋ, ಅಥವಾ ಹಿಂದೆ ಹೇರಳವಾಗಿದ್ದು ಕಾಲಕ್ರಮದಲ್ಲಿ ಕ್ಷಯಿಸಿತೋ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟವನು ಭಾಷಾಶಾಸ್ತ್ರದ ಬಾಗಿಲಿನಿಂದ ಒಳಹೊಕ್ಕು ಗಣಿತಶಾಸ್ತ್ರದ ಅಂಗಳಕ್ಕೆ ಬಂದು ನಿಲ್ಲಬೇಕಾಗುತ್ತದೆ.

ಹೆಸರುಗಳು ಹುಟ್ಟಿದ ಬಗೆ

ಮೊದಲು ಅರ್ಥವನ್ನು ನೋಡೋಣ. ನೊವಾಕ್ ಎಂದರೆ ಹೊಸಬ, ಊರಿಗೆ ಹೊಸದಾಗಿ ಬಂದು ನೆಲೆಸಿದವನು. ಹೊಸಬನಿಲ್ಲದ ಊರು ಯಾವುದು? ಆದುದರಿಂದ ಈ ಹೆಸರು ಒಂದೇ ಮೂಲದಿಂದ ಹರಡಿದುದಲ್ಲ; ನೂರಾರು ಹಳ್ಳಿಗಳಲ್ಲಿ, ಪರಸ್ಪರ ಸಂಬಂಧವಿಲ್ಲದ ಮನೆಗಳಲ್ಲಿ ಬೇರೆಬೇರೆಯಾಗಿ ಹುಟ್ಟಿತು. 'ಕೊವಾರ್ಷ್' ಎಂದರೆ ಕಮ್ಮಾರ, 'ಕ್ರೆಯ್ಚಿ' ಎಂದರೆ ದರ್ಜಿ, 'ಚೆರ್ನಿ' ಎಂದರೆ ಕಪ್ಪು ಬಣ್ಣದವನು. ಇವುಗಳ ಕಥೆಯೂ ಅಂತಹುದೇ. ಧಾರವಾಡ ಸೀಮೆಯ ಬಡಿಗೇರ, ಕುಂಬಾರ ಮೊದಲಾದ ಅಡ್ಡಹೆಸರುಗಳನ್ನು ಬಲ್ಲ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಕೆಲವು ಹೆಸರುಗಳು ಊರಿನಿಂದ ಬಂದವು. ಹದಿನೇಳನೆಯ ಶತಮಾನದ ಮಹಾ ಶಿಕ್ಷಣತಜ್ಞ ಯಾನ್ ಆಮೊಸ್ ಕೊಮೆನ್ಸ್ಕಿಯ ಹೆಸರು ಮೊರೇವಿಯಾದ ಕೊಮ್ನಾ ಎಂಬ ಹಳ್ಳಿಯಿಂದ ಬಂದಿತೆನ್ನುತ್ತಾರೆ. ಇನ್ನು ಕೆಲವು ಹಿರಿಯರ ಹೆಸರಿನಿಂದ ಬಂದವು: ಬೆನೆಡಿಕ್ಟ್ ಎಂಬುದು ಮೊಟಕಾಗಿ 'ಬೆನೆಶ್' ಆಯಿತು, ಲ್ಯಾಟಿನಿನ ಗಾಲ್ಲುಸ್ ಎಂಬುದು ಝೆಕ್ ನಾಲಗೆಯಲ್ಲಿ ಹೊರಳಿ 'ಹಾವೆಲ್' ಆಯಿತು.

ಎಲ್ಲಕ್ಕಿಂತ ವಿಚಿತ್ರವಾದವು ಒಂದು ಕ್ರಿಯೆಯನ್ನೋ ವಾಕ್ಯವನ್ನೋ ಹೆಸರಾಗಿ ಹೊತ್ತವು. ಮೊರೇವಿಯಾದಲ್ಲಿ 'ನವ್ರಾತಿಲ್' ಎಂಬ ಹೆಸರು ಬಳಕೆಯಲ್ಲಿದೆ. ಹಿಂದಿರುಗಿದನು ಎಂದು ಅದರ ಅರ್ಥ. 'ಪೊಸ್ಪೀಶಿಲ್' ಎಂದರೆ ಅವಸರಪಟ್ಟನು. ಇವು ಸಾಮಾನ್ಯವಾದವುಗಳೇ. ಆದರೆ 'ನೆಯೆಜ್‌ಖ್ಲೆಬ' ಎಂದರೆ 'ರೊಟ್ಟಿ ತಿನ್ನಬೇಡ'. 'ಸ್ಕೊಚ್‌ದೊಪೊಲೆ' ಎಂದರೆ 'ಹೊಲಕ್ಕೆ ನೆಗೆ'. 'ಒಸೊಲ್‌ಸೊಬ್ಯೆ' ಎಂದರೆ 'ನಿನಗೆ ನೀನೇ ಉಪ್ಪು ಹಾಕಿಕೊ'. 'ಸ್ತೊಯೆಸ್ಪಲ್' ಎಂದರೆ 'ನಿಂತಲ್ಲೇ ನಿದ್ರಿಸಿದನು'! ಎಂದೋ ಯಾರೋ ಆಡಿದ ಮಾತು, ಊರವರು ಮಾಡಿದ ಕುಚೋದ್ಯ, ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಅಂಟಿಕೊಂಡು ಬಂದಿದೆ. ಸಂದರ್ಭ ಮರೆತುಹೋಗಿ ಹೆಸರು ಮಾತ್ರ ಉಳಿದಿದೆ. ಇಂತಹ ಹೆಸರು ಹಳ್ಳಿಹಳ್ಳಿಯಲ್ಲಿಯೂ ಹೊಸದಾಗಿ ಹುಟ್ಟುವ ಸಂಭವ ಕಡಮೆ; ಹುಟ್ಟುವಾಗಲೇ ಅದಕ್ಕೆ ಒಂದೋ ಎರಡೋ ಬೇರುಗಳು ಮಾತ್ರ ಇರುತ್ತವೆ.

ಅರ್ಥ ಹುಡುಕುವವರಿಗೆ ಇಲ್ಲೊಂದು ಎಚ್ಚರಿಕೆಯ ಮಾತು. ಪ್ರಸಿದ್ಧ ಫುಟ್‌ಬಾಲ್ ಆಟಗಾರನೊಬ್ಬನ ಹೆಸರು ನೆದ್ವ್ಯೆದ್. ಝೆಕ್ ಭಾಷೆಯಲ್ಲಿ 'ನೆ' ಎಂಬುದು ನಿಷೇಧವಾಚಕ. ಹಾಗೆಂದು ಇಲ್ಲಿಯೂ ಏನೋ ಒಂದು 'ಇಲ್ಲ' ಅಡಗಿದೆ ಎಂದು ಊಹಿಸಿದರೆ ಕೆಟ್ಟೆವು. ಅದು 'ಮೆದ್ವ್ಯೆದ್', ಅಂದರೆ ಕರಡಿ, ಎಂಬ ಪದದ ಆಡುನುಡಿಯ ರೂಪವಷ್ಟೆ. ಹಳೆಯ ದಾಖಲೆಯಲ್ಲಿ ಹೆಸರಿನ ರೂಪ ಹೇಗಿತ್ತು ಎಂಬುದನ್ನು ಮೊದಲು ನೋಡಬೇಕು. ಅರ್ಥದ ಊಹೆ ಆಮೇಲಿನದು.

ಹೆಸರು ಕಟ್ಟುಬಿದ್ದುದು

ಇಂದು ನಾವು ಕುಲನಾಮವನ್ನು ಬದಲಾಗದ ವಸ್ತುವೆಂದು ಭಾವಿಸುತ್ತೇವೆ. ಝೆಕ್ ನಾಡಿನ ಹಳ್ಳಿಗಳಲ್ಲಿ ಹಿಂದೆ ಹಾಗಿರಲಿಲ್ಲ. ಹೆಸರು ಅನೇಕ ವೇಳೆ ಮನುಷ್ಯನಿಗಲ್ಲ, ಮನೆಗೆ ಸೇರಿದ್ದಾಗಿತ್ತು. ಒಬ್ಬನು ಮದುವೆಯಾಗಿ ಮಾವನ ಮನೆಗೆ ಬಂದು ಬೇಸಾಯ ಹಿಡಿದರೆ ಆ ಮನೆಯ ಹೆಸರೇ ಅವನ ಹೆಸರಾಗುತ್ತಿತ್ತು. ಅಣ್ಣನಿಗೊಂದು ಹೆಸರು, ತಮ್ಮನಿಗೊಂದು ಹೆಸರು ಇರುವುದೂ ಅಸಂಭವವಾಗಿರಲಿಲ್ಲ.

ಇದಕ್ಕೆ ಕಡಿವಾಣ ಹಾಕಿದ್ದು ಆಡಳಿತ. ೧೫೬೩ರಲ್ಲಿ ಮುಗಿದ ಟ್ರೆಂಟ್ ಧರ್ಮಸಭೆಯು ಚರ್ಚುಗಳಲ್ಲಿ ದೀಕ್ಷಾಸ್ನಾನ ಮತ್ತು ವಿವಾಹಗಳ ದಾಖಲೆಪುಸ್ತಕ ಇಡಬೇಕೆಂದು ವಿಧಿಸಿತು. ಮೂವತ್ತು ವರ್ಷಗಳ ಮಹಾಯುದ್ಧವು ೧೬೪೮ರಲ್ಲಿ ಮುಗಿದ ಬಳಿಕ, ಪಾಳುಬಿದ್ದ ನಾಡಿನ ಲೆಕ್ಕ ಹಿಡಿಯಲೆಂದು ೧೬೫೧ರಲ್ಲಿ ಬೊಹೀಮಿಯಾದ ಪ್ರಜೆಗಳ ಮತವಾರು ಪಟ್ಟಿಯೂ, ೧೬೫೪ರಲ್ಲಿ ಕಂದಾಯದ ಪಟ್ಟಿಯೂ ಸಿದ್ಧವಾದವು. ಕಡೆಗೆ ೧೭೮೦ರ ದಶಕದಲ್ಲಿ, ಚಕ್ರವರ್ತಿ ಎರಡನೆಯ ಜೋಸೆಫನ ಆಳಿಕೆಯಲ್ಲಿ, ತಂದೆಯ ಕುಲನಾಮವೇ ಮಕ್ಕಳಿಗೆ ಸಲ್ಲತಕ್ಕದ್ದು ಎಂಬ ನಿಯಮ ನೆಲೆಗೊಂಡಿತು. ೧೭೮೭ರಲ್ಲಿ ಯೆಹೂದಿಗಳೂ ಸ್ಥಿರವಾದ ಕುಲನಾಮವನ್ನು ಹೊಂದಬೇಕೆಂದು ಆಜ್ಞೆಯಾಯಿತು. ಹರಿಯುತ್ತಿದ್ದ ನೀರು ಹೆಪ್ಪುಗಟ್ಟಿದಂತೆ, ಆ ಹೊತ್ತಿನಲ್ಲಿ ಯಾರಿಗೆ ಯಾವ ಹೆಸರಿತ್ತೋ ಅದೇ ನಿಂತುಬಿಟ್ಟಿತು.

ಮುಂದೆ ಬರಹದಿಂದಲೂ ವಿರಳತೆ ಹುಟ್ಟಿತು. ಜರ್ಮನ್ ಬಲ್ಲ ಗುಮಾಸ್ತನು ತನ್ನ ಕಿವಿಗೆ ಕೇಳಿದಂತೆ ಬರೆದನು. ಝೆಕ್ ಪಾದ್ರಿ ತನ್ನ ರೂಢಿಯಂತೆ ಬರೆದನು. ಒಂದೇ ಹೆಸರಿಗೆ ಎರಡು ಮೂರು ಕಾಗುಣಿತಗಳಾಗಿ, ಒಂದು ದೊಡ್ಡ ಕುಟುಂಬವೇ ಲೆಕ್ಕದಲ್ಲಿ ಹಲವು ಸಣ್ಣ ಕುಟುಂಬಗಳಂತೆ ತೋರತೊಡಗಿತು. ಸ್ತ್ರೀಪುರುಷ ಭೇದವೂ ಇದೆ. ನವ್ರಾತಿಲ್ ಮನೆತನದ ಹೆಣ್ಣು 'ನವ್ರಾತಿಲೋವಾ' ಆಗುತ್ತಾಳೆ. ಟೆನಿಸ್ ಕ್ರೀಡೆಯನ್ನು ಬಲ್ಲವರೆಲ್ಲ ಈ ಹೆಸರನ್ನು ಕೇಳಿದ್ದಾರೆ. ೨೦೨೨ರಿಂದ ಮಹಿಳೆಯರು ತಮಗೆ ಇಷ್ಟವಾದರೆ ಪುರುಷರೂಪವನ್ನೇ ಇಟ್ಟುಕೊಳ್ಳಲು ಕಾನೂನು ಅವಕಾಶ ಕೊಟ್ಟಿದೆ. ಆದುದರಿಂದ ಒಂದು ಹೆಸರು ಎಷ್ಟು ವಿರಳವೆಂದು ಎಣಿಸುವವನು ಈ ಎಲ್ಲ ರೂಪಗಳನ್ನೂ ಒಟ್ಟುಗೂಡಿಸಿಯೇ ಎಣಿಸಬೇಕು.

ಗಾಲ್ಟನ್ನನ ಪ್ರಶ್ನೆ

ಇಷ್ಟಾದರೂ ಒಗಟು ಪೂರ್ತಿಯಾಗಿ ಬಿಡಿಸಿದಂತಾಗಲಿಲ್ಲ. ಒಂದೇ ಹಳ್ಳಿಯಲ್ಲಿ, ಒಂದೇ ಕಾಲದಲ್ಲಿ ಹುಟ್ಟಿದ ಎರಡು ಹೆಸರುಗಳಲ್ಲಿ ಒಂದು ಬೆಳೆದು ಇನ್ನೊಂದು ಅಳಿಯುವುದೇಕೆ?

ಇದೇ ಪ್ರಶ್ನೆ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ನನನ್ನು ಕಾಡಿತು. ಹಿಂದೆ ಹೆಸರುವಾಸಿಯಾಗಿದ್ದ ಮನೆತನಗಳು ಅಳಿಯುತ್ತಿವೆಯೆಂದು ಜನ ಆಡಿಕೊಳ್ಳುತ್ತಿದ್ದರು. ಸುಖಜೀವನದಿಂದ ಸತ್ವ ಕುಂದಿದುದೇ ಕಾರಣವೆಂದು ಹಲವರ ಊಹೆ. ಸತ್ವಕ್ಕೂ ಇದಕ್ಕೂ ಸಂಬಂಧವುಂಟೋ, ಇಲ್ಲವೆ ಇದು ಬರಿಯ ಆಕಸ್ಮಿಕವೋ ಎಂದು ತಿಳಿಯಲು ಅವನು ೧೮೭೩ರಲ್ಲಿ ಒಂದು ಪತ್ರಿಕೆಯ ಮೂಲಕ ಗಣಿತಜ್ಞರ ಮುಂದೆ ಸಮಸ್ಯೆಯನ್ನಿಟ್ಟನು. ಹೆನ್ರಿ ವಾಟ್ಸನ್ ಎಂಬ ಪಾದ್ರಿ ಅದನ್ನು ಕೈಗೆತ್ತಿಕೊಂಡನು.

ನಾವೂ ಒಂದು ಸುಲಭವಾದ ಉದಾಹರಣೆಯನ್ನು ಲೆಕ್ಕಹಾಕಿ ನೋಡೋಣ. ಪೆನ್ಸಿಲು ಕಾಗದ ಸಾಕು. ಒಂದೂರಿನಲ್ಲಿ ನೂರು ಗಂಡಸರು, ನೂರು ಹೆಸರುಗಳು ಇವೆಯೆಂದಿಟ್ಟುಕೊಳ್ಳೋಣ. ಪ್ರತಿಯೊಬ್ಬನಿಗೂ ಎರಡೇ ಮಕ್ಕಳು. ಮಗು ಗಂಡಾಗುವ ಸಂಭವ ಅರ್ಧ, ಹೆಣ್ಣಾಗುವ ಸಂಭವ ಅರ್ಧ. ಹೆಸರು ಗಂಡುಮಕ್ಕಳ ಮೂಲಕವೇ ಮುಂದುವರಿಯುತ್ತದೆ. ಎರಡೂ ಹೆಣ್ಣಾಗುವ ಸಂಭವ ಕಾಲು ಭಾಗ. ಎಂದರೆ ಮೊದಲನೆಯ ತಲೆಮಾರಿನಲ್ಲಿಯೇ ಇಪ್ಪತ್ತೈದು ಹೆಸರುಗಳು ನಿಲ್ಲುತ್ತವೆ.

ಎರಡನೆಯ ತಲೆಮಾರಿನೊಳಗೆ ಹೆಸರು ಅಳಿಯಬೇಕಾದರೆ ಎರಡು ಮಕ್ಕಳ ಕವಲುಗಳೂ ಮುಗಿಯಬೇಕು. ಒಂದು ಕವಲು ಮುಗಿಯುವುದು ಹೇಗೆ? ಮಗು ಹೆಣ್ಣಾಗಿರಬೇಕು (೧/೨), ಅಥವಾ ಗಂಡಾಗಿದ್ದು ಅವನಿಗೆ ಹೆಣ್ಣುಮಕ್ಕಳೇ ಆಗಬೇಕು (೧/೨ × ೧/೪). ಕೂಡಿದರೆ ೫/೮. ಎರಡು ಕವಲುಗಳಿಗೆ ೫/೮ × ೫/೮ = ೨೫/೬೪; ಸುಮಾರು ನೂರಕ್ಕೆ ೩೯. ಹೀಗೆಯೇ ಮುಂದುವರಿಯಬಹುದು: ಹಿಂದಿನ ಉತ್ತರಕ್ಕೆ ಒಂದನ್ನು ಕೂಡಿಸಿ, ಅರ್ಧಮಾಡಿ, ವರ್ಗಮಾಡಿದರೆ ಮುಂದಿನ ಉತ್ತರ ದೊರೆಯುತ್ತದೆ. ಮೂರನೆಯ ತಲೆಮಾರಿಗೆ ೪೮, ಐದನೆಯದಕ್ಕೆ ೬೦, ಎಂಟನೆಯದಕ್ಕೆ ೭೦. ತಲೆಮಾರಿಗೆ ಮೂವತ್ತು ವರ್ಷವೆಂದರೆ, ಜೋಸೆಫನ ಕಾಲದಿಂದ ಇಂದಿನವರೆಗೆ ಸುಮಾರು ಎಂಟು ತಲೆಮಾರುಗಳೇ ಕಳೆದಿವೆ.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಊರಿನ ಗಂಡಸರ ಸಂಖ್ಯೆ ಸರಾಸರಿಯಲ್ಲಿ ಮೊದಲಿನಂತೆ ನೂರೇ ಇದೆ. ಯಾವ ರೋಗವೂ ಬರಲಿಲ್ಲ; ಯಾರ ಸತ್ವವೂ ಕುಂದಲಿಲ್ಲ; ಎಲ್ಲರಿಗೂ ಸಮಾನವಾದ ಅವಕಾಶವಿತ್ತು. ಆದರೂ ನೂರು ಹೆಸರುಗಳು ಮೂವತ್ತಕ್ಕೆ ಇಳಿದವು. ಈ ಲೆಕ್ಕವನ್ನು ಸಾಕಷ್ಟು ದೂರ ಒಯ್ದರೆ ಪ್ರತಿಯೊಂದು ಕವಲೂ ಎಂದಾದರೊಂದು ದಿನ ಅಳಿಯುವುದು ನಿಶ್ಚಯ.

ಮಕ್ಕಳು ಮೂವರಾದರೆ ಚಿತ್ರವೇ ಬದಲಾಗುತ್ತದೆ. ಆಗ ವರ್ಗದ ಬದಲು ಘನಮಾಡಬೇಕು. ಮೊದಲ ತಲೆಮಾರಿಗೆ ನೂರಕ್ಕೆ ೧೨ರಿಂದ ೧೩, ಎರಡನೆಯದಕ್ಕೆ ೧೮. ಹೀಗೆ ಏರುತ್ತ ಸುಮಾರು ೨೪ರ ಬಳಿ ಬಂದು ನಿಲ್ಲುತ್ತದೆ. ಉಳಿದ ೭೬ ಹೆಸರುಗಳಿಗೆ ಅಳಿವಿಲ್ಲ. ಒಂದೇ ಹೆಸರು ಹತ್ತು ಬೇರೆಬೇರೆ ಮನೆಗಳಲ್ಲಿ ಹುಟ್ಟಿತ್ತೆಂದರೆ ಆ ಹತ್ತೂ ಬೇರುಗಳು ಒಣಗುವ ಸಂಭವ ಹತ್ತು ಲಕ್ಷದಲ್ಲಿ ಒಂದಕ್ಕಿಂತಲೂ ಕಡಮೆ. ನೊವಾಕರು ಸಾವಿರಾರು ಮಂದಿ ಉಳಿದುದರ ಗುಟ್ಟು ಇದು. ಒಂದೇ ಬೇರಿನ ಹೆಸರಿಗೆ ಆ ರಕ್ಷೆಯಿಲ್ಲ.

ವಾಟ್ಸನ್ನನು ಲೆಕ್ಕದ ದಾರಿಯನ್ನು ಸರಿಯಾಗಿಯೇ ಹಿಡಿದನು; ಆದರೆ ಕೊನೆಗೆ ಎಡವಿ, ಯಾವ ಸ್ಥಿತಿಯಲ್ಲಾದರೂ ಎಲ್ಲ ಹೆಸರುಗಳೂ ಅಳಿಯಲೇಬೇಕೆಂದು ತೀರ್ಮಾನಿಸಿದನು. ಫ್ರಾನ್ಸಿನ ಬಿಯೆನೆಮೆ ೧೮೪೫ರಲ್ಲಿಯೇ ಸರಿಯಾದ ಉತ್ತರವನ್ನು ಕಂಡಿದ್ದನಾದರೂ ಅದು ಯಾರ ಕಣ್ಣಿಗೂ ಬೀಳದೆ ಮೂಲೆ ಸೇರಿತ್ತು. ೧೯೩೦ರಲ್ಲಿ ಡೆನ್ಮಾರ್ಕಿನ ಸ್ಟೆಫೆನ್ಸನ್ ಪೂರ್ಣ ಪರಿಹಾರವನ್ನು ಪ್ರಕಟಿಸಿದನು. ಮುಂದೆ ಪರಮಾಣು ಸರಣಿಕ್ರಿಯೆಯಲ್ಲಿ ನ್ಯೂಟ್ರಾನುಗಳ ಸಂತತಿ ನಿಲ್ಲುವುದೋ ಹಬ್ಬುವುದೋ ಎಂಬುದನ್ನೂ, ಹೊಸದಾಗಿ ಹುಟ್ಟಿದ ಜೀನ್ ಒಂದು ಜೀವಿಸಮೂಹದಲ್ಲಿ ಉಳಿಯುವುದೋ ಅಳಿಯುವುದೋ ಎಂಬುದನ್ನೂ ಇದೇ ಗಣಿತದಿಂದ ಲೆಕ್ಕಹಾಕಿದರು.

ಗಣಿತಕ್ಕೆ ಸಿಲುಕದ ಅಳಿವು

ಮೇಲಿನ ಲೆಕ್ಕದಲ್ಲಿ ಹೆಸರು ಅಳಿದರೂ ಮನುಷ್ಯರು ಅಳಿಯುವುದಿಲ್ಲ. ಹೆಣ್ಣುಮಕ್ಕಳ ಸಂತತಿ ಬೇರೆ ಹೆಸರಿನಲ್ಲಿ ಬಾಳುತ್ತದೆ. ಆದರೆ ಝೆಕ್ ನಾಡಿನ ಹೆಸರುಗಳ ಚರಿತ್ರೆಯಲ್ಲಿ ಇನ್ನೊಂದು ಬಗೆಯ ಅಳಿವೂ ಉಂಟು.

೧೯೪೨ನೆಯ ಜೂನ್ ೧೦ರಂದು, ನಾಜಿ ಅಧಿಕಾರಿ ಹೈಡ್ರಿಕ್‌ನ ಕೊಲೆಗೆ ಪ್ರತೀಕಾರವಾಗಿ, ಪ್ರಾಗ್ ನಗರದ ಬಳಿಯ ಲಿದಿತ್ಸೆ ಹಳ್ಳಿಯ ೧೭೩ ಗಂಡಸರನ್ನು ಗುಂಡಿಕ್ಕಿ ಕೊಂದರು. ಹೆಂಗಸರನ್ನು ಸೆರೆಶಿಬಿರಕ್ಕೆ ಕಳುಹಿಸಿದರು. ಮಕ್ಕಳಲ್ಲಿ ಬಹುಮಂದಿಯನ್ನು ವಿಷವಾಯುವಿನಿಂದ ಕೊಂದರು. ಮನೆಗಳನ್ನು ನೆಲಸಮ ಮಾಡಿ, ಊರಿನ ಹೆಸರೇ ಇಲ್ಲದಂತೆ ಮಾಡಬೇಕೆಂಬುದು ಅವರ ಸಂಕಲ್ಪವಾಗಿತ್ತು. ಆದರೆ ಅಮೆರಿಕದ ಇಲಿನಾಯ್ ಸಂಸ್ಥಾನದಲ್ಲೂ ಮೆಕ್ಸಿಕೋ ದೇಶದಲ್ಲೂ ಜನರು ತಮ್ಮ ಊರುಗಳಿಗೆ ಲಿದಿತ್ಸೆಯ ಹೆಸರಿಟ್ಟರು. ಯುದ್ಧಾನಂತರ ಹೊಸ ಲಿದಿತ್ಸೆಯೂ ಎದ್ದಿತು.

ಪ್ರಾಗ್ ನಗರದಲ್ಲಿ ಪಿಂಕಸ್ ಎಂಬ ಹಳೆಯ ಯೆಹೂದಿ ಪ್ರಾರ್ಥನಾಮಂದಿರವಿದೆ. ನಾಜಿಗಳಿಗೆ ಬಲಿಯಾದ ಝೆಕ್ ನಾಡಿನ ಸುಮಾರು ೭೮,೦೦೦ ಯೆಹೂದಿಗಳ ಹೆಸರುಗಳನ್ನು ೧೯೫೦ರ ದಶಕದಲ್ಲಿ ಅದರ ಗೋಡೆಗಳ ಮೇಲೆ ಕೈಯಿಂದ ಬರೆದರು. ೧೭೮೭ರ ಆಜ್ಞೆಯಿಂದ ಬಂದ ಹೆಸರುಗಳನ್ನು ಅಲ್ಲಿ ಸಾಲುಸಾಲಾಗಿ ಕಾಣಬಹುದು. ೧೯೬೮ರಲ್ಲಿ ತೇವದ ಕಾರಣ ಮಂದಿರ ಮುಚ್ಚಿತು; ಹೆಸರುಗಳು ಗೋಡೆಯಿಂದ ಮಾಯವಾದವು. ೧೯೯೨ರಿಂದ ೧೯೯೬ರವರೆಗೆ ಕುಳಿತು ಅವನ್ನೆಲ್ಲ ಮತ್ತೆ ಒಂದೊಂದಾಗಿ ಬರೆದರು.

ಆದುದರಿಂದ ವಿರಳವಾದ ಹೆಸರೊಂದು ಎದುರಾದಾಗ ನಾವು ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದಕ್ಕೆ ಬೇರುಗಳು ಎಷ್ಟಿದ್ದವು? ಇದು ದಾಟಿಬಂದ ತಲೆಮಾರುಗಳಲ್ಲಿ ಏನು ನಡೆಯಿತು? ಬಹುಪಾಲು ಹೆಸರುಗಳ ವಿಷಯದಲ್ಲಿ ಉತ್ತರವು ನಾಣ್ಯ ಚಿಮ್ಮಿದಂತಹ ಆಕಸ್ಮಿಕವೇ; ಅದರಲ್ಲಿ ಹೆಮ್ಮೆಪಡುವಂತಹುದೂ ಇಲ್ಲ, ನಾಚುವಂತಹುದೂ ಇಲ್ಲ. ಕೆಲವು ಹೆಸರುಗಳ ವಿಷಯದಲ್ಲಿ ಮಾತ್ರ ಉತ್ತರವನ್ನು ಹಳೆಯ ದಾಖಲೆಪುಸ್ತಕಗಳಲ್ಲಿಯೂ ಗೋಡೆಗಳ ಮೇಲೆಯೂ ಓದಬೇಕಾಗುತ್ತದೆ.