ಹಳೆಯ ಮನೆಯ ಬೂಷ್ಟು: ಗಾಳಿಗಿಂತ ಮೊದಲು ಗೋಡೆಯ ಪರೀಕ್ಷೆ

ಬೆಂಗಳೂರು: ರಾಜಧಾನಿಯಲ್ಲಿ ವರ್ಷದ ಭಾರಿ ಮಳೆ ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಲ್ಲಿ. ಅದು ಮುಗಿಯುವ ಹೊತ್ತಿಗೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಬೀರುವಿನ ಹಿಂದೆ, ಬಚ್ಚಲಮನೆಗೆ ತಾಗಿದ ಗೋಡೆಯ ಮೇಲೆ, ಅಟ್ಟದ ಕೆಳಗೆ ಕಪ್ಪು, ಹಸಿರು ಚುಕ್ಕೆಗಳು ಮೂಡತೊಡಗುತ್ತವೆ. ಟ್ರಂಕಿನಲ್ಲಿಟ್ಟ ರೇಷ್ಮೆ ಸೀರೆಗೂ ಚರ್ಮದ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ರಾತ್ರಿಯ ಕೆಮ್ಮು ಹೆಚ್ಚುತ್ತದೆ. ಮನೆಯೊಳಗಿನ ಗಾಳಿ ಪರೀಕ್ಷಿಸಿ ವರದಿ ಕೊಡುವ ಖಾಸಗಿ ಸಂಸ್ಥೆಗಳು ಈಗ ನಗರದಲ್ಲಿವೆ. ಅವನ್ನು ಕರೆಸಬೇಕೆ ಎಂಬುದು ಅನೇಕ ಕುಟುಂಬಗಳ ಪ್ರಶ್ನೆ.

ಕರೆಸಬಹುದು. ಆದರೆ ಕಣ್ಣಿಗೆ ಕಾಣುವ ಬೂಷ್ಟು ಇರುವ ಮನೆಯಲ್ಲಿ ಗಾಳಿ ಪರೀಕ್ಷೆಗೆ ಹಣ ಸುರಿಯುವುದು ಬಹುಪಾಲು ವ್ಯರ್ಥ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಇಂತಹ ಸಂದರ್ಭದಲ್ಲಿ ಮಾದರಿ ಸಂಗ್ರಹ ಸಾಮಾನ್ಯವಾಗಿ ಅನಗತ್ಯ ಎನ್ನುತ್ತದೆ. ಹುಡುಕಬೇಕಾದದ್ದು ನೀರನ್ನು. ಬೂಷ್ಟಿನ ಬೀಜಾಣುಗಳು ಗಾಳಿಯಲ್ಲಿ ಎಲ್ಲೆಡೆ ಇವೆ. ಇಲ್ಲದ ಮನೆಯೇ ಇಲ್ಲ. ಅವು ಗೋಡೆಯ ಮೇಲೆ ಕುಳಿತು ಬೆಳೆಯಲು ಬೇಕಾದದ್ದು ತೇವ ಮಾತ್ರ. ನೆನೆದ ವಸ್ತು 24ರಿಂದ 48 ಗಂಟೆಯೊಳಗೆ ಒಣಗಿದರೆ ಬಹುತೇಕ ಬೂಷ್ಟು ಹುಟ್ಟುವುದಿಲ್ಲ.

ಗಾರೆಯ ಮೇಲೆ ಸಿಮೆಂಟು

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದ ನಂತರ ಬೆಳೆದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಅಗಲ ರಸ್ತೆ, ಮನೆಯ ಸುತ್ತ ಬಯಲು, ಸೂರಿನ ಬಳಿ ಗವಾಕ್ಷಿ ಎಂದು ಗಾಳಿ ಬೆಳಕಿಗೆ ಅಲ್ಲಿ ಆದ್ಯತೆ ನೀಡಲಾಗಿತ್ತು. ಸುಟ್ಟ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಕಟ್ಟಿ, ಮೇಲೆ ಸುಣ್ಣ ಬಳಿಯುವುದು ಆಗಿನ ಪದ್ಧತಿ. ಇಂತಹ ಗೋಡೆ ಮಳೆಗಾಲದಲ್ಲಿ ತೇವವನ್ನು ಹೀರಿಕೊಂಡು ಬಿಸಿಲು ಬಿದ್ದಾಗ ಆವಿಯಾಗಿ ಬಿಟ್ಟುಕೊಡುತ್ತದೆ. ಸುಣ್ಣದ ಕ್ಷಾರಗುಣವೂ ಬೂಷ್ಟಿಗೆ ಒಗ್ಗುವುದಿಲ್ಲ.

ಕೇಡು ಶುರುವಾಗುವುದು ‘ನವೀಕರಣ’ದಿಂದ. ಉದುರುವ ಗಾರೆಯನ್ನು ಕಿತ್ತು ಸಿಮೆಂಟು ಮೆತ್ತುತ್ತಾರೆ, ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿಯುತ್ತಾರೆ. ಒಳಗಿನ ತೇವಕ್ಕೆ ಹೊರಗೆ ಹೋಗುವ ದಾರಿ ಮುಚ್ಚುತ್ತದೆ. ಬಣ್ಣ ಗುಳ್ಳೆ ಏಳುತ್ತದೆ, ಪದರ ಪದರವಾಗಿ ಕಳಚುತ್ತದೆ. ಬಣ್ಣ ಸರಿಯಿಲ್ಲ ಎಂದು ಮತ್ತೆ ಬಳಿದರೆ ಮರುವರ್ಷ ಅದೇ ಕಥೆ! ಪಕ್ಕದ ನಿವೇಶನದಲ್ಲಿ ನಾಲ್ಕು ಅಂತಸ್ತಿನ ಕಟ್ಟಡ ಎದ್ದು ಬಿಸಿಲನ್ನು ತಡೆದಿದ್ದರೆ, ಎ.ಸಿ.ಗಾಗಿ ಗವಾಕ್ಷಿಗಳನ್ನು ಮುಚ್ಚಿದ್ದರೆ ಗೋಡೆ ಒಣಗುವ ಮಾತೇ ಇಲ್ಲ. ಹಂಡೆ ಒಲೆಯ ಕಾಲದಲ್ಲಿ ಬಚ್ಚಲಮನೆಯನ್ನು ಬೆಂಕಿಯೇ ಒಣಗಿಸುತ್ತಿತ್ತು. ಗೀಜರ್ ಬಂದ ಮೇಲೆ ಹಬೆ ಮಾತ್ರ ಉಳಿಯಿತು.

ನೀರಿನ ಜಾಡು

ಒಳ್ಳೆಯ ತಪಾಸಣೆ ಮನೆಯ ಹೊರಗಿನಿಂದ, ತಾರಸಿಯಿಂದ ಆರಂಭವಾಗುತ್ತದೆ. ಮದ್ರಾಸ್ ತಾರಸಿಯ ಬಿರುಕು, ಒಡೆದ ಮಂಗಳೂರು ಹೆಂಚು, ಕಸ ಕಟ್ಟಿದ ದೋಣಿ, ಗೋಡೆಗೆ ತಾಗಿದ ಮಳೆನೀರಿನ ಕೊಳವೆ, ಕಿಟಕಿಯ ಸಜ್ಜದ ಮೇಲೆ ನಿಲ್ಲುವ ನೀರು ಇವೆಲ್ಲವನ್ನೂ ನೋಡಿದ ಮೇಲೆಯೇ ಒಳಗೆ ಬರಬೇಕು.

ತೇವದ ಗುರುತು ಎಲ್ಲಿದೆ ಎಂಬುದೇ ಅರ್ಧ ಉತ್ತರ. ಸೂರಿನ ಹತ್ತಿರ ಕಂದು ಕಲೆ ಇದ್ದರೆ ತಾರಸಿಯ ಸೋರಿಕೆ. ನೆಲದಿಂದ ಮೂರು ಅಡಿ ಎತ್ತರದವರೆಗೆ ಪಟ್ಟಿಯಂತೆ ಥಂಡಿ ಹಿಡಿದು ಬಿಳಿ ಪುಡಿ ಉದುರುತ್ತಿದ್ದರೆ ಪಾಯದಿಂದ ಏರಿದ ನೀರು. ಅನೇಕ ಹಳೆಯ ಮನೆಗಳ ಪಾಯದಲ್ಲಿ ತೇವ ತಡೆಯುವ ಪದರವಿರುವುದಿಲ್ಲ. ಈ ಬಿಳಿ ಪುಡಿ ಸಾಮಾನ್ಯವಾಗಿ ಬೂಷ್ಟಲ್ಲ, ಉಪ್ಪು. ಹನಿ ನೀರು ಹಾಕಿದರೆ ಉಪ್ಪು ಕರಗುತ್ತದೆ, ಬೂಷ್ಟು ಕರಗುವುದಿಲ್ಲ. ಬೀರುವಿನ ಹಿಂದೆ, ಕೋಣೆಯ ಮೂಲೆಗಳಲ್ಲಿ ಮಾತ್ರ ಕಪ್ಪು ಚುಕ್ಕೆಗಳಿದ್ದರೆ ಒಳಗಾಳಿಯ ಹಬೆ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ ಎಂದು ಊಹಿಸಬಹುದು.

ಸಂದೇಹವಿದ್ದರೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಒಂದು ಚದರಡಿಯ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಬೇಕು. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯಿಂದ.

ತಪಾಸಕರು ತರುವ, ಎರಡು ಮೊಳೆಗಳಿರುವ ತೇವಮಾಪಕವೂ ಉಪಯುಕ್ತವೇ. ಆದರೆ ಇಂತಹ ಹಲವು ಮೀಟರ್‌ಗಳ ಅಳತೆ ಮರಕ್ಕೆ ಹೊಂದಿಸಿದ್ದು. ಇಟ್ಟಿಗೆ ಗೋಡೆಯ ಮೇಲೆ ಅದು ತೋರಿಸುವ ಶೇಕಡಾವಾರು ಲೆಕ್ಕ ನಿಜವಾದ ತೇವಾಂಶವಲ್ಲ. ಗೋಡೆಯಲ್ಲಿ ಉಪ್ಪಿದ್ದರೆ ಅದು ಇನ್ನಷ್ಟು ಏರುತ್ತದೆ. ಒಂದು ಜಾಗಕ್ಕಿಂತ ಇನ್ನೊಂದು ಜಾಗ ಹೆಚ್ಚು ಹಸಿಯೇ ಎಂದು ಹೋಲಿಸಲಷ್ಟೇ ಅದು ಸಾಕು. ಇನ್ಫ್ರಾರೆಡ್ ಕ್ಯಾಮೆರಾ ಕೂಡ ನೀರನ್ನು ಕಾಣುವುದಿಲ್ಲ, ಉಷ್ಣಾಂಶದ ವ್ಯತ್ಯಾಸವನ್ನು ಮಾತ್ರ ಕಾಣುತ್ತದೆ.

75 ಲೀಟರ್ ಗಾಳಿಯ ವರದಿ

ಇನ್ನು ಗಾಳಿ ಪರೀಕ್ಷೆ. ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ ಸಣ್ಣ ಪಂಪು ನಿಮಿಷಕ್ಕೆ 15 ಲೀಟರಿನಂತೆ ಐದು ನಿಮಿಷ, ಅಂದರೆ 75 ಲೀಟರ್ ಗಾಳಿಯನ್ನು ಅಂಟುಗಾಜಿನ ಮೇಲೆ ಎಳೆಯುತ್ತದೆ. ಅಂಟಿದ ಬೀಜಾಣುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಮನುಷ್ಯನೊಬ್ಬ ದಿನಕ್ಕೆ ಉಸಿರಾಡುವುದು ಸುಮಾರು 10 ಸಾವಿರ ಲೀಟರ್. ವರದಿಯ ಅಂಕಿ ಘನ ಮೀಟರ್ ಲೆಕ್ಕದಲ್ಲಿರುವುದರಿಂದ ಗಾಜಿನ ಮೇಲೆ ಕಂಡ ಪ್ರತಿಯೊಂದು ಬೀಜಾಣುವೂ ಕಾಗದದ ಮೇಲೆ 13 ಆಗುತ್ತದೆ. ಮೂರೇ ಮೂರು ಸಿಕ್ಕಿದ್ದರೂ ವರದಿಯಲ್ಲಿ 40 ಎಂದಿರುತ್ತದೆ. ಫ್ಯಾನು ಹಾಕಿದರೆ, ಹಾಸಿಗೆ ಕೊಡವಿದರೆ, ಬಾಗಿಲು ತೆರೆದರೆ ಸಂಖ್ಯೆ ಬದಲಾಗುತ್ತದೆ. ಬೆಳಿಗ್ಗೆಯ ವರದಿ ಸಂಜೆಗೆ ಹೊಂದುವುದಿಲ್ಲ. ಈ ವಿಧಾನದಲ್ಲಿ ಆಸ್ಪರ್ಜಿಲಸ್ ಮತ್ತು ಪೆನಿಸಿಲಿಯಂ ಎಂಬ ಎರಡು ಬಗೆಯ ಬೀಜಾಣುಗಳನ್ನು ಬೇರ್ಪಡಿಸಲಾಗದು, ಒಟ್ಟಿಗೇ ಬರೆಯುತ್ತಾರೆ.

ಆ ಸಂಖ್ಯೆಯನ್ನು ಯಾವುದಕ್ಕೆ ಹೋಲಿಸಬೇಕು? ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯ ತೇವ ಮತ್ತು ಬೂಷ್ಟಿನ ಕುರಿತು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಇಷ್ಟು ಬೀಜಾಣು ಸುರಕ್ಷಿತ ಎಂಬ ಮಿತಿಯೇ ಇಲ್ಲ. ತೇವವನ್ನು ನಿವಾರಿಸಿ ಎಂಬುದಷ್ಟೇ ಅದರ ಸಲಹೆ. ಭಾರತದ 2009ರ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದ 12 ಮಾಲಿನ್ಯಕಾರಕಗಳಲ್ಲಿ ಬೂಷ್ಟು ಇಲ್ಲ. ಅದು ಹೊರಗಾಳಿಗೆ ಸಂಬಂಧಿಸಿದ್ದು. ಆದ್ದರಿಂದ ಅದೇ ದಿನ, ಅದೇ ಹೊತ್ತಿನಲ್ಲಿ ಮನೆಯ ಹೊರಗೂ ಮಾದರಿ ತೆಗೆದು ಹೋಲಿಸದ ವರದಿಗೆ ಬೆಲೆಯಿಲ್ಲ. ಊಟದ ಮೇಜಿನ ಮೇಲೆ ತೆರೆದಿಟ್ಟ ಪೆಟ್ರಿ ತಟ್ಟೆಯಲ್ಲಿ ಬೂಷ್ಟು ಬೆಳೆಸಿ ತೋರಿಸುವುದಂತೂ ಹೆದರಿಸುವ ತಂತ್ರವೇ ಸರಿ. ಯಾವ ಮನೆಯಲ್ಲಿಟ್ಟರೂ ಅದು ಬೆಳೆಯುತ್ತದೆ. ಮಾರುಕಟ್ಟೆಯ ಪಿಎಂ 2.5 ಮೀಟರುಗಳು ಧೂಳು, ಊದುಬತ್ತಿ ಹೊಗೆ, ಒಗ್ಗರಣೆ ಹೊಗೆಯನ್ನು ಅಳೆಯುತ್ತವೆ, ಬೂಷ್ಟನ್ನು ಗುರುತಿಸುವುದಿಲ್ಲ.

ಪರೀಕ್ಷೆ ನಿರರ್ಥಕವೆಂದು ಇದರ ಅರ್ಥವಲ್ಲ. ಕಮಟು ವಾಸನೆ ಇದ್ದೂ ಏನೂ ಕಾಣದಿದ್ದಾಗ, ದುರಸ್ತಿಯ ನಂತರ ಫಲಿತಾಂಶ ತಿಳಿಯಲು, ಅಂಗಾಂಗ ಕಸಿ ಅಥವಾ ಕ್ಯಾನ್ಸರ್ ಚಿಕಿತ್ಸೆ ಪಡೆದವರು ಮನೆಯಲ್ಲಿದ್ದು ವೈದ್ಯರು ಸೂಚಿಸಿದಾಗ ಮಾಡಿಸುವುದು ಸೂಕ್ತ. ಪ್ರಯೋಗಾಲಯಕ್ಕೆ ಆ ನಿರ್ದಿಷ್ಟ ಪರೀಕ್ಷೆಗೇ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂದು ಕೇಳಬೇಕು. ಪರೀಕ್ಷಿಸುವವರೇ ರಾಸಾಯನಿಕ ಸಿಂಪಡಣೆಯನ್ನೂ ಮಾರುತ್ತಿದ್ದರೆ ಎರಡನೆಯ ಅಭಿಪ್ರಾಯ ಪಡೆಯುವುದು ಒಳಿತು.

‘ಕಪ್ಪು ಶಿಲೀಂಧ್ರ’ದ ಭಯ

2021ರ ಕೋವಿಡ್ ಎರಡನೇ ಅಲೆಯಲ್ಲಿ ಕಪ್ಪು ಶಿಲೀಂಧ್ರವೆಂದು ಹೆಸರಾದ ಮ್ಯೂಕರ್‌ಮೈಕೋಸಿಸ್‌ಗೂ ಗೋಡೆಯ ಕಪ್ಪು ಕಲೆಗೂ ತಳಕು ಹಾಕಲಾಗುತ್ತಿದೆ. ಅವು ಬೇರೆ ಬೇರೆ. ಆ ರೋಗದಲ್ಲಿ ಕಪ್ಪಾಗುವುದು ಸತ್ತ ಅಂಗಾಂಶ. ನಿಯಂತ್ರಣ ತಪ್ಪಿದ ಸಕ್ಕರೆ ಕಾಯಿಲೆ ಮತ್ತು ಸ್ಟೆರಾಯ್ಡ್ ಬಳಕೆಯೊಂದಿಗೆ ಅದರ ನಂಟು. ಗೋಡೆಯ ಬೂಷ್ಟಿನಿಂದ ಸಾಮಾನ್ಯವಾಗಿ ಬರುವುದು ಸೀನು, ಕೆಮ್ಮು, ಉಬ್ಬಸದ ಉಲ್ಬಣ. ಹಾಗೆಂದು ಹಗುರವಾಗಿ ಕಾಣುವಂತಿಲ್ಲ. ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ 2020ರ ಡಿಸೆಂಬರ್‌ನಲ್ಲಿ ಎರಡು ವರ್ಷದ ಅವಾಬ್ ಇಷಾಕ್ ಎಂಬ ಮಗು ಮೃತಪಟ್ಟಿತು. ಬಾಡಿಗೆ ಮನೆಯ ಬೂಷ್ಟೇ ಕಾರಣವೆಂದು 2022ರಲ್ಲಿ ವಿಚಾರಣಾಧಿಕಾರಿ ಹೇಳಿದರು. ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸಾಮಾಜಿಕ ವಸತಿಗಳಿಗೆ ಜಾರಿಯಾಯಿತು. ಗಂಭೀರ ತೇವದ ದೂರನ್ನು 10 ಕೆಲಸದ ದಿನಗಳಲ್ಲಿ ತನಿಖೆ ಮಾಡುವುದು ಮಾಲೀಕರಿಗೆ ಕಡ್ಡಾಯ.

ಒರೆಸುವ ಮುನ್ನ, ಬಳಿಯುವ ಮುನ್ನ

ಸುಮಾರು 10 ಚದರಡಿಗಿಂತ ಕಡಿಮೆ ಬೂಷ್ಟನ್ನು ಮನೆಯವರೇ ತೆಗೆಯಬಹುದು. ಎನ್-95 ಮಾಸ್ಕ್, ಕೈಗವಸು ಧರಿಸಿ ಸೋಪಿನ ನೀರಿನಲ್ಲಿ ಒರೆಸಿ ಒಣಗಿಸಬೇಕು. ಒಣ ಪೊರಕೆ ಬಳಸಿದರೆ ಬೀಜಾಣು ಮನೆಯೆಲ್ಲ ಹರಡುತ್ತವೆ. ಉಬ್ಬಸ ಇರುವವರು ಈ ಕೆಲಸಕ್ಕೆ ಕೈಹಾಕಬಾರದು. ಒಳಗಿನ ಸಾಪೇಕ್ಷ ಆರ್ದ್ರತೆ ಶೇ 60ಕ್ಕಿಂತ ಕೆಳಗಿರಬೇಕು; ಪುಟ್ಟ ಹೈಗ್ರೋಮೀಟರ್ ಇದನ್ನು ತೋರಿಸುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಕಿಟಕಿ ತೆರೆದರೆ ಹೊರಗಿನ ತೇವವೇ ಒಳಗೆ ಬರುತ್ತದೆ. ಬೆಂಗಳೂರಿನ ಚಳಿಗಾಲದ ಮಧ್ಯಾಹ್ನ ಅದೇ ಕಿಟಕಿ ಮನೆಯನ್ನು ಒಣಗಿಸುತ್ತದೆ. ಸೋರಿಕೆ ನಿಂತು ಗೋಡೆ ಪೂರ್ತಿ ಒಣಗಿದ ಮೇಲೆ, ಗಾರೆ ಗೋಡೆಗೆ ಗಾರೆಯನ್ನೇ ಮೆತ್ತಿ ಸುಣ್ಣ ಬಳಿಯುವುದು ಸರಿಯಾದ ಕ್ರಮ.

ಬಾಡಿಗೆದಾರರ ಪಾಡು ಬೇರೆ. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವಾಗ ಪೇಂಟಿಂಗ್ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮುಂಗಡದಿಂದ ಮುರಿದುಕೊಳ್ಳುವ ರೂಢಿಯಿದೆ. ಆ ಹಣದಲ್ಲಿ ಹಸಿ ಗೋಡೆಗೇ ಬಣ್ಣ ಬಳಿಯಲಾಗುತ್ತದೆ, ಹೊಸ ಬಾಡಿಗೆದಾರನಿಗೆ ಅದು ಹೊಸ ಮನೆಯಂತೆ ಕಾಣುತ್ತದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಪಟ್ಟಿಯಲ್ಲಿ ಕಟ್ಟಡದ ರಚನೆಗೆ ಸಂಬಂಧಿಸಿದ ದುರಸ್ತಿ, ಗೋಡೆಗೆ ಸುಣ್ಣ ಬಳಿಯುವುದು, ಕೊಳವೆ ಬದಲಾವಣೆ ಮಾಲೀಕರ ಪಾಲಿಗಿವೆ. ಆದರೆ ಮಾದರಿ ಕಾಯ್ದೆಯನ್ನು ರಾಜ್ಯಗಳು ಅಳವಡಿಸಿಕೊಂಡರಷ್ಟೇ ಅದಕ್ಕೆ ಬಲ. ಸದ್ಯಕ್ಕೆ ಬಾಡಿಗೆದಾರರಿಗಿರುವ ದಾರಿಯೆಂದರೆ ಮನೆಯನ್ನು ಬಣ್ಣ ಬಳಿಯುವ ಮುನ್ನವೇ ನೋಡುವುದು, ಬೀರು ಸರಿಸಿ ಹಿಂದಿನ ಗೋಡೆ ಮುಟ್ಟುವುದು, ದಿನಾಂಕ ಸಹಿತ ಫೋಟೊ ತೆಗೆದಿಟ್ಟುಕೊಳ್ಳುವುದು, ಸೋರಿಕೆಯ ದುರಸ್ತಿ ಯಾರದೆಂದು ಕರಾರಿನಲ್ಲಿ ಬರೆಸುವುದು.