ವ್ಯೋಮಯಾನ: ಏರಿದವರು ಮತ್ತು ಅಣಿಯಾಗಿ ನಿಂತವರು

ಭಾರತೀಯರೊಬ್ಬರು ಮೊತ್ತಮೊದಲು ವ್ಯೋಮಯಾನ ಕೈಗೊಂಡದ್ದು 1984ನೆಯ ಇಸವಿ ಏಪ್ರಿಲ್ 3ರಂದು. 2024ರಲ್ಲಿ ಆ ಘಟನೆಗೆ ನಾಲ್ಕು ದಶಕಗಳು ತುಂಬಿದವು. ಅಂದು ಗಗನಕ್ಕೇರಿದ ಸ್ಕ್ವಾಡ್ರನ್ ಲೀಡರ್ ರಾಕೇಶ್ ಶರ್ಮಾ ಅವರ ಹೆಸರನ್ನು ಕೇಳದ ವಿದ್ಯಾರ್ಥಿ ವಿರಳ. ಆದರೆ ಅವರೊಡನೆ ಅದೇ ಶಿಕ್ಷಣವನ್ನು ಪಡೆದು, ಕಡೆಯವರೆಗೂ ಅಣಿಯಾಗಿದ್ದು, ಭೂಮಿಯಲ್ಲಿಯೇ ಉಳಿದ ವಿಂಗ್ ಕಮಾಂಡರ್ ರವೀಶ್ ಮಲ್ಹೋತ್ರಾ ಅವರನ್ನು ಬಲ್ಲವರೆಷ್ಟು ಮಂದಿ? ಆ ಯಾನದ ಸ್ವರೂಪವನ್ನೂ ಈ ಈರ್ವರಿಂದ ವಿದ್ಯಾಲಯಗಳು ಕಲಿಯಬೇಕಾದ ಪಾಠವನ್ನೂ ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ಭಾರತ ಮತ್ತು ಸೋವಿಯತ್ ಒಕ್ಕೂಟಗಳ ಈ ಜಂಟಿ ಯಾನಕ್ಕೆ ವಾಯುಪಡೆಯ ವಿಮಾನ ಚಾಲಕರಲ್ಲಿ ಯೋಗ್ಯರನ್ನು ಆರಿಸಬೇಕಾಗಿತ್ತು. ಆ ಆಯ್ಕೆಗೆ ಒರೆಗಲ್ಲಾದದ್ದು ನಮ್ಮ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆ. ದೇಹ ಮನಸ್ಸುಗಳ ಕಠಿನ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿ ಕೊನೆಗುಳಿದ ಈ ಇಬ್ಬರು 1982ರಲ್ಲಿ ಮಾಸ್ಕೋ ಸಮೀಪದ ಯೂರಿ ಗಗಾರಿನ್ ತರಬೇತಿ ಕೇಂದ್ರಕ್ಕೆ ತೆರಳಿದರು. ರಷ್ಯನ್ ಭಾಷೆಯನ್ನು ಕಲಿತರು; ನೌಕೆಯ ಯಂತ್ರವಿಧಾನಗಳನ್ನು ಕರಗತ ಮಾಡಿಕೊಂಡರು. ಅಂತಿಮವಾಗಿ ಒಬ್ಬರು ಮುಖ್ಯ ತಂಡಕ್ಕೂ ಇನ್ನೊಬ್ಬರು ಮೀಸಲು ತಂಡಕ್ಕೂ ನಿಯುಕ್ತರಾದರು.

ಬೈಕನೂರಿನಿಂದ ಮೇಲೇರಿದ ಸೋಯುಜ್ ಟಿ-11 ನೌಕೆಯಲ್ಲಿ ಶರ್ಮಾ ಅವರೊಡನೆ ಯೂರಿ ಮಾಲಿಶೆವ್ ಮತ್ತು ಗೆನ್ನಾದಿ ಸ್ತ್ರೆಕಾಲೋವ್ ಇದ್ದರು. ಸಲ್ಯೂತ್-7 ಗಗನನಿಲ್ದಾಣವನ್ನು ಸೇರಿದ ಅವರು ಅಲ್ಲಿ ಭಾರತದ ಭೂಭಾಗಗಳ ಛಾಯಾಚಿತ್ರಗಳನ್ನು ತೆಗೆದರು. ಯೋಗಾಭ್ಯಾಸದಿಂದ ವ್ಯೋಮದಲ್ಲಿ ದೇಹಕ್ಕೆ ಆಗುವ ಪರಿಣಾಮವನ್ನೂ ಪರೀಕ್ಷಿಸಲಾಯಿತು. ಅಲ್ಲಿ ಬಡಿಸಿದ ಭಾರತೀಯ ಆಹಾರ ಸಿದ್ಧವಾದದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದಲ್ಲಿ. ಭಾರತವು ಮೇಲಿನಿಂದ ಹೇಗೆ ಕಾಣುತ್ತಿದೆಯೆಂದು ಪ್ರಧಾನಿ ಇಂದಿರಾ ಗಾಂಧಿಯವರು ಕೇಳಿದಾಗ ಶರ್ಮಾ ಅವರು ಕವಿ ಇಕ್ಬಾಲರ ದೇಶಗೀತೆಯ ಮೊದಲ ಸಾಲಿನಿಂದಲೇ ಉತ್ತರಿಸಿದರು. 7 ದಿನ 21 ಗಂಟೆ 40 ನಿಮಿಷಗಳ ಯಾನವನ್ನು ಮುಗಿಸಿ ಏಪ್ರಿಲ್ 11ರಂದು ಅವರು ಭೂಮಿಗೆ ಮರಳಿದರು.

ಯಾತ್ರಿಕರು ನೌಕೆಯಲ್ಲಿ ತೇಲುವುದನ್ನು ಕಂಡು, ಅಲ್ಲಿ ಭೂಮಿಯ ಆಕರ್ಷಣೆಯೇ ಇಲ್ಲವೆಂದು ಭಾವಿಸುವವರುಂಟು. ಅದು ಸರಿಯಲ್ಲ. ಸಲ್ಯೂತ್ ಸಂಚರಿಸುತ್ತಿದ್ದ ಎತ್ತರ ಸುಮಾರು 300 ಕಿಲೋಮೀಟರ್. ಎಂದರೆ ಶಿವಮೊಗ್ಗದಿಂದ ಬೆಂಗಳೂರಿಗೆ ಇರುವ ಹಾದಿಯಷ್ಟು. ಆ ಎತ್ತರದಲ್ಲಿಯೂ ನೆಲದ ಮೇಲಿನ ಗುರುತ್ವದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಉಳಿದೇ ಇರುತ್ತದೆ. ಕೊಡಚಾದ್ರಿಯ ನೆತ್ತಿಯಿಂದ ಅಡ್ಡಲಾಗಿ ಎಸೆದ ಕಲ್ಲು ಬಾಗಿ ಕೆಳಕ್ಕೆ ಬೀಳುತ್ತದೆ; ವೇಗ ಹೆಚ್ಚಿದಷ್ಟೂ ದೂರ ಹೋಗಿ ಬೀಳುತ್ತದೆ. ಗಾಳಿಯ ತಡೆ ಅತ್ಯಲ್ಪವಾಗಿರುವ ಎತ್ತರದಲ್ಲಿ ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್ ವೇಗವನ್ನು ಕೊಟ್ಟರೆ, ಅದು ಬಾಗುವಷ್ಟೇ ಭೂಮಿಯ ಮೈಯೂ ಬಾಗುವುದರಿಂದ, ಬೀಳುತ್ತಲೇ ಇದ್ದು ನೆಲವನ್ನು ಮಾತ್ರ ಮುಟ್ಟದು. ನೌಕೆಯೂ ಒಳಗಿನ ಮನುಷ್ಯನೂ ಒಂದೇ ಸಮನೆ ಬೀಳುತ್ತಿರುವುದರಿಂದ ಭಾರದ ಅನುಭವವಾಗದು. ಈ ವೇಗದಲ್ಲಿ ಶಿವಮೊಗ್ಗದಿಂದ ಭದ್ರಾವತಿಗೆ ಮೂರು ಸೆಕೆಂಡುಗಳೂ ಬೇಡ. ಭೂಪ್ರದಕ್ಷಿಣೆಗೆ ಸುಮಾರು 90 ನಿಮಿಷ ಸಾಕು.

ಇಂತಹ ಯಾನಕ್ಕೆ ಮೀಸಲು ತಂಡವೇಕೆ? ಹೊರಡುವ ಮುನ್ನ ಮುಖ್ಯ ಯಾತ್ರಿಕನಿಗೆ ಅಸ್ವಸ್ಥತೆ ಒದಗಿದರೆ ವರ್ಷಗಳ ಸಿದ್ಧತೆಯೆಲ್ಲ ವ್ಯರ್ಥವಾಗಬಾರದು. ಆದುದರಿಂದ ಮೀಸಲಿನಲ್ಲಿರುವವನ ವಿದ್ಯೆ ಮೊದಲಿನವನ ವಿದ್ಯೆಗೆ ಸರಿಸಮನಾಗಿರಬೇಕು. ಏರುವ ಭರವಸೆ ಮಾತ್ರ ಇರದು. ಶರ್ಮಾ ಅವರಿಗೆ ಅಶೋಕ ಚಕ್ರವನ್ನಿತ್ತ ರಾಷ್ಟ್ರವು ಮಲ್ಹೋತ್ರಾ ಅವರಿಗೆ ಕೀರ್ತಿ ಚಕ್ರವನ್ನಿತ್ತು ಗೌರವಿಸಿದ್ದು ಉಚಿತವೇ ಆಗಿದೆ. 2025ರ ಜೂನ್ 25ರಂದು ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರು ಅಂತರರಾಷ್ಟ್ರೀಯ ಗಗನನಿಲ್ದಾಣಕ್ಕೆ ಹೊರಟಾಗಲೂ ಗ್ರೂಪ್ ಕ್ಯಾಪ್ಟನ್ ಪ್ರಶಾಂತ್ ಬಾಲಕೃಷ್ಣನ್ ನಾಯರ್ ಅವರು ಹೀಗೆಯೇ ಅಣಿಯಾಗಿ ನಿಂತಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಪ್ರಯೋಗಕ್ಕಾಗಿ ಶುಕ್ಲಾ ಅವರು ಹೆಸರುಕಾಳು, ಮೆಂತ್ಯಗಳನ್ನು ಅಲ್ಲಿ ಮೊಳೆಯಿಸಿದರು.

ಶರಣರು ಬೋಧಿಸಿದ ಕಾಯಕತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧುನಿಕ ನಿದರ್ಶನ ಬೇಕಿಲ್ಲ. ನುಲಿಯ ಚಂದಯ್ಯನವರಿಗೆ ಹಗ್ಗ ಹೊಸೆಯುವುದೇ ಪೂಜೆಯಾಗಿತ್ತು. ಕಾಯಕದ ಬೆಲೆ ಪ್ರಸಿದ್ಧಿಯಿಂದ ನಿರ್ಣಯವಾಗುವುದಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೆಂದೊಡನೆ ನಾಡು ಸರ್ ಎಂ. ವಿಶ್ವೇಶ್ವರಯ್ಯನವರನ್ನು ಸ್ಮರಿಸುತ್ತದೆ, ಅದು ಯುಕ್ತವೇ. ಆದರೆ ಕೆಮ್ಮಣ್ಣುಗುಂಡಿಯಲ್ಲಿ ಅದಿರನ್ನು ಅಗೆದವರೂ ಕುಲುಮೆಯ ಮುಂದೆ ಬೆವರಿಳಿಸಿದವರೂ ಇಲ್ಲದಿದ್ದರೆ 1923ರಲ್ಲಿ ಅಲ್ಲಿ ಕಬ್ಬಿಣ ಹರಿಯುತ್ತಿರಲಿಲ್ಲ.

ವಿದ್ಯಾಲಯಗಳ ವಾರ್ಷಿಕ ಸಂಚಿಕೆಗಳಲ್ಲಿ ಪ್ರಥಮ ಸ್ಥಾನ ಪಡೆದವರ ಭಾವಚಿತ್ರಗಳು ಅಚ್ಚಾಗುತ್ತವೆ. ಅಷ್ಟೇ ಶ್ರಮಿಸಿ ಒಂದೆರಡು ಅಂಕಗಳಿಂದ ಹಿಂದುಳಿದ ಮಗು ಆ ಪುಟವನ್ನು ತಿರುವಿ ತಾನು ನಿಷ್ಪ್ರಯೋಜಕನೆಂದು ತಿಳಿದರೆ ಅದು ವಿದ್ಯೆಗೇ ಆದ ಹಾನಿ. ಅಂತಹ ಮಗುವಿಗೆ ರವೀಶ್ ಮಲ್ಹೋತ್ರಾ ಅವರ ವೃತ್ತಾಂತವನ್ನು ಹೇಳುವುದು ಅಧ್ಯಾಪಕರ ಕರ್ತವ್ಯ. ಹೆಸರನ್ನು ಬಯಸದೆ ಶಾಲೆಗೆ ನೆರವಾಗುವ ದಾನಿಗಳಿಗೆ ಈ ಮಾತನ್ನು ವಿಸ್ತರಿಸಿ ಹೇಳಬೇಕಾಗಿಲ್ಲ.