ಮನೆಯಲ್ಲಿ ಹೆರಿಗೆಯಾದರೆ: ಮೊದಲೇ ಬೇಕಾದ ಸಿದ್ಧತೆ

ಹಿಂದೆ ನಮ್ಮ ಹಳ್ಳಿಗಳಲ್ಲಿ ಹೆರಿಗೆಗಳು ಸೂಲಗಿತ್ತಿಯರ ಕೈಯಲ್ಲೇ ಆಗುತ್ತಿದ್ದವು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದರು. ಆ ಕಾಯಕಕ್ಕೆ ನಾವು ತಲೆಬಾಗುತ್ತೇವೆ. ಆದರೆ ಹೆರಿಗೆಯ ನಂತರದ ಅತಿ ರಕ್ತಸ್ರಾವವು ಹೇಳಿ ಬರುವುದಿಲ್ಲ. ಮನೆಯಲ್ಲಿ ಅದನ್ನು ತಡೆಯುವುದು ಕಷ್ಟ. ಆದುದರಿಂದ ಆಸ್ಪತ್ರೆಯ ಹೆರಿಗೆಯೇ ಕ್ಷೇಮ.

ಆದರೂ ದೂರದ ತೋಟದ ಮನೆಗಳಲ್ಲಿ ನೋವು ಬೇಗನೆ ಬಂದು, ವಾಹನ ತಲುಪುವ ಮುನ್ನವೇ ಹೆರಿಗೆಯಾಗಬಹುದು. ಎಂಟನೆಯ ತಿಂಗಳಿನಲ್ಲೇ ತಾಯಿ ಕಾರ್ಡ್, ಆಶಾ ಕಾರ್ಯಕರ್ತೆಯ ದೂರವಾಣಿ ಸಂಖ್ಯೆ, ಸಾಬೂನು, ಒಗೆದು ಬಿಸಿಲಿನಲ್ಲಿ ಒಣಗಿಸಿದ ಬಟ್ಟೆಗಳು ಒಂದೆಡೆ ಸಿದ್ಧವಿರಲಿ. ರಕ್ತ ಕೊಡಬಲ್ಲವರು ಯಾರೆಂಬುದೂ ತಿಳಿದಿರಲಿ. ನೋವು ಕಾಣಿಸಿದೊಡನೆ 108ಕ್ಕೆ ಕರೆ ಮಾಡಬೇಕು.

ಮಗು ಹುಟ್ಟಿದೊಡನೆ ಒರೆಸಿ, ತಾಯಿಯ ಎದೆಯ ಮೇಲೆ ಮಲಗಿಸಿ, ಇಬ್ಬರಿಗೂ ಹೊದಿಸಬೇಕು. ಮೊದಲ ದಿನ ಸ್ನಾನ ಬೇಡ. ಗಂಟೆಯೊಳಗೆ ಮೊಲೆಯೂಡಿಸಬೇಕು, ಮೊದಲ ಹಾಲನ್ನು ಚೆಲ್ಲಬಾರದು. ನೆರವು ಬರುತ್ತಿದ್ದರೆ ಹೊಕ್ಕುಳಬಳ್ಳಿಯನ್ನು ಕತ್ತರಿಸದೆ ಬಿಡುವುದೇ ಲೇಸು. ಬೂದಿ, ಸಗಣಿ, ಅರಿಶಿನ ಹಚ್ಚಿದರೆ ನಂಜಾಗಬಹುದು. ಮಗುವಿನ ಹಣೆಗೆ ವಿಭೂತಿ ಧರಿಸಿರಿ. ಹೊಕ್ಕುಳಿಗೆ ಅದನ್ನೂ ಹಚ್ಚದಿರಿ.

ಬಟ್ಟೆಯ ಮೇಲೆ ಬಟ್ಟೆ ರಕ್ತದಿಂದ ತೊಯ್ದರೆ, ಅರ್ಧ ಗಂಟೆಯಾದರೂ ಕಸ ಬೀಳದಿದ್ದರೆ, ಮಗು ಅಳದಿದ್ದರೆ ಕ್ಷಣವೂ ಕಾಯಬಾರದು. ಬಳ್ಳಿಯನ್ನು ಹಿಡಿದೆಳೆಯಬಾರದು. ಎಲ್ಲವೂ ಸುಸೂತ್ರವಾಗಿದ್ದರೂ ಅಂದೇ ತಾಯಿ-ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಬಾಣಂತಿಯ ಪ್ರಾಣ ಉಳಿಸಿಕೊಳ್ಳುವುದು ಮನೆಯವರೆಲ್ಲರ ಹೊಣೆ.